ತೂತು ಕೊಡದ ಪಾಳಿ

ಕೈಚೀಲ ಬದಲಿಸುವಾಗ ಹಳೆಯದರ ತಳದಿಂದ ಹದಿನೇಳು ಟೋಕನ್ ಚೀಟಿಗಳು ಉದುರಿದವು. ಕೆಲವು ಬ್ಯಾಂಕಿನವು, ಕೆಲವು ಎಮಿರೇಟ್ಸ್ ಐಡಿ ಮಾಡಿಸಲು ಹೋದಾಗಿನವು, ಒಂದೆರಡು ದವಾಖಾನೆಯವು. ಇನ್ನು ಕೆಲವುಗಳ ಶಾಯಿ ಪೂರ್ತಿ ಹಾರಿ ಹೋಗಿ, ಯಾವ ಪಾಳಿಯಲ್ಲಿ ನಾನು ಎಷ್ಟನೆಯವಳಾಗಿದ್ದೆ ಎನ್ನುವುದು ಭಗವಂತನಿಗೇ ಗೊತ್ತು. ಇವೆಲ್ಲ ನಾನು ಬಳಸದ ಟೋಕನ್‌ಗಳು. ದುಬೈಯ ಯಾವ ಕಚೇರಿಗೆ ಹೋದರೂ ನಾನು ಎರಡು ಟೋಕನ್ ತೆಗೆಯುತ್ತೇನೆ. ಒಂದು ನನ್ನ ಕೆಲಸದ್ದು, ಇನ್ನೊಂದು 'ಇತರೆ ವಿಚಾರಣೆ'ಯದು. ಯಾವ ನಂಬರನ್ನು ಮೊದಲು ಕೂಗುತ್ತಾರೋ ಅಲ್ಲಿಗೆ ಹೋಗಿ ಕೂಡುವುದು. 'ಇದು ನಮ್ಮ ಕೌಂಟರ್ ಅಲ್ಲ' ಎಂದು ಅಲ್ಲಿಯ ಹುಡುಗಿ ಹೇಳುವಷ್ಟರಲ್ಲಿ ನಾನು ಅವಳ ಊರು, ಮನೆ ಬಾಡಿಗೆ, ಸೋಫಾದ ಸ್ಥಿತಿ ಎಲ್ಲ ವಿಚಾರಿಸಿರುತ್ತೇನೆ. ಆಮೇಲೆ ಕೆಲಸ ತಾನಾಗಿಯೇ ಆಗುತ್ತದೆ. ನೀವೂ ಮಾಡಿ ನೋಡಿ. ಎರಡನೆಯ ಟೋಕನ್ನಿಗೆ ಯಂತ್ರ ಬೇಡ ಎನ್ನುವುದಿಲ್ಲ.

ನಮ್ಮ ಯಜಮಾನರು ಮಾತ್ರ, ನನ್ನ ಕೈ ಎರಡನೆಯ ಸಲ ಯಂತ್ರದತ್ತ ಹೋದ ಕೂಡಲೇ ಎದ್ದು ನಾಲ್ಕು ಕುರ್ಚಿ ಆಚೆ ಕೂಡುತ್ತಾರೆ. ಅವರು ಕಟ್ಟಡದ ಸೈಟುಗಳಲ್ಲಿ ಸೇಫ್ಟಿ ಆಫೀಸರ್. ಹೆಲ್ಮೆಟ್ ಇಲ್ಲದೆ ಕನಸು ಕೂಡ ಕಾಣದ ಮನುಷ್ಯ.

ಸೋಫಾದ ಮಾತು ಏಕೆ ಬಂತೆಂದರೆ, ನನ್ನ ದಂಧೆಯೇ ಹಳೆಯ ಫರ್ನಿಚರಿನದು. ದುಬೈ ಬಿಟ್ಟು ಹೋಗುವವರಿಂದ ಕೊಳ್ಳುವುದು, ಹೊಸದಾಗಿ ಬಂದಿಳಿದವರಿಗೆ ಮಾರುವುದು. ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಕಟ್ಟಡದ ಕೆಳಗೆ ಯಾರೋ ಎಸೆದು ಹೋಗಿದ್ದ ಮೂರು ಕಾಲಿನ ಊಟದ ಮೇಜಿಗೆ ನಾಲ್ಕನೆಯ ಕಾಲು ಕೂಡಿಸಿ, ಹೊಸದಾಗಿ ಮದುವೆಯಾಗಿ ಬಂದಿದ್ದ ಜೋಡಿಗೆ ಮಾರಿದಾಗ ಮಗಳು ಇನ್ನೂ ಕಂಕುಳಲ್ಲಿದ್ದಳು. ಈಗ 'ಸೋಫಾ ಆಂಟಿ' ಎಂದರೆ ಸಾಕು, ಯಾವ ಕಟ್ಟಡದ ವಾಚ್‌ಮನ್ ಆದರೂ ನಮ್ಮ ಮನೆ ತೋರಿಸುತ್ತಾನೆ. ಮುಹೈಸ್ನಾದ ಲೇಬರ್ ಕ್ಯಾಂಪುಗಳಿಗೆ ಬಂಕ್ ಮಂಚ, ಲಾಕರು ಕೊಡುವವಳೂ ನಾನೇ.

ಇಷ್ಟು ವರ್ಷದ ದಂಧೆಯಲ್ಲಿ ಎರಡೇ ಸೂತ್ರ ಕಲಿತಿದ್ದೇನೆ. ಪುಕ್ಕಟೆ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಮೊದಲನೆಯದು, ಹೋಗುವವರಿಗೆ ಅವಸರವಿರುತ್ತದೆ, ನಿಮಗೆ ಇರಕೂಡದು. ವಾರದ ಮೊದಲು 'ಇದು ಇಟಲಿಯ ಚರ್ಮ, ನಮ್ಮ ಮಗು ಇದರ ಮೇಲೇ ಮೊದಲ ಹೆಜ್ಜೆ ಇಟ್ಟಿದ್ದು' ಎಂದವರು, ವಿಮಾನ ಹತ್ತುವ ದಿನ 'ತಗೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ, ಬೀಗದ ಕೈ ವಾಚ್‌ಮನ್ ಹತ್ತಿರ ಕೊಡಿ' ಎನ್ನುತ್ತಾರೆ. ಎರಡನೆಯದು, ಬೇಕಾದದ್ದನ್ನು ಎಂದೂ ಹೊಗಳಬೇಡಿ, ಬೇಡದ್ದನ್ನು ಹೊಗಳಿ. ಕಣ್ಣು ಕಪಾಟಿನ ಮೇಲಿದ್ದರೆ ಬಾಯಿ ಪರದೆಯ ಬಣ್ಣವನ್ನು ಕೊಂಡಾಡುತ್ತಿರಬೇಕು.

ಈ ಎರಡೂ ಸೂತ್ರ ಹಿಡಿದುಕೊಂಡು ನಾನು ಮಗಳ ಮೆಡಿಕಲ್ ಸೀಟಿಗೆ ಕೈ ಹಾಕಿದೆ. ಅದರ ಕಥೆಯೇ ಇದು.

ಮಗಳು ಸಿಂಚನಾ ಹನ್ನೆರಡನೆಯ ತರಗತಿ ಮುಗಿಸಿ ಡಾಕ್ಟರಾಗುತ್ತೇನೆ ಎಂದಳು. ನಮ್ಮ ಎರಡೂ ಕಡೆಯ ವಂಶದಲ್ಲಿ ಡಾಕ್ಟರರಿಲ್ಲ, ರೋಗಿಗಳಿದ್ದಾರೆ. ಸುದ್ದಿ ಹುಬ್ಬಳ್ಳಿಗೆ ಮುಟ್ಟಿದ ದಿನವೇ ನನ್ನ ಅಣ್ಣ ಫೋನ್ ಮಾಡಿ ಅವಳಿಗೆ ತನ್ನ ಮೊಣಕಾಲಿನ ಚರಿತ್ರೆ ಹೇಳಿದ. ಇನ್ನೂ ಅರ್ಜಿಯನ್ನೇ ತುಂಬಿರಲಿಲ್ಲ. ಕಾಲೇಜುಗಳ ಪುಸ್ತಿಕೆಗಳು ಬಂದವು. ಎಲ್ಲದರಲ್ಲೂ ಒಬ್ಬಳು ಹುಡುಗಿ ಸೂಕ್ಷ್ಮದರ್ಶಕದ ಪಕ್ಕ ನಿಂತು ನಗುತ್ತಿದ್ದಳು. ಒಳಗೆ ಅಂಥದ್ದೇನು ನಗುವಂಥ ಕ್ರಿಮಿ ಕಂಡಿತೋ ಯಾವ ಕಾಲೇಜೂ ಬರೆದಿರಲಿಲ್ಲ.

ಕೊನೆಗೆ ಬಂದ ಫಲ ಹೀಗಿತ್ತು. ಅಬುಧಾಬಿಯ ಒಂದು ಕಾಲೇಜು ಸೀಟು ಕೊಟ್ಟಿತು. ಗುರುವಾರ ಸಂಜೆ ನಾಲ್ಕರೊಳಗೆ ಒಪ್ಪಿಕೊಂಡು ಮುಂಗಡ ತುಂಬಬೇಕು, ತುಂಬಿದ್ದು ವಾಪಸಿಲ್ಲ. ದುಬೈಯ ಎರಡು ಕಾಲೇಜುಗಳು ವೇಟ್‌ಲಿಸ್ಟ್‌ನಲ್ಲಿ ಹಾಕಿದವು. ಒಂದು ಕಡೆ ನಂಬರು ಹೇಳಲೇ ಇಲ್ಲ. ಇನ್ನೊಂದು ಕಡೆ ಆರನೆಯ ನಂಬರು. ಈ ಎರಡನೆಯದೇ ನಮಗೆ ಬೇಕಾದದ್ದು, ಮನೆಯಿಂದ ಮೆಟ್ರೋದಲ್ಲಿ ಹೋಗಿ ಬರಬಹುದು. ಹಾಸ್ಟೆಲ್ಲಿಲ್ಲ, ಮೆಸ್ಸಿಲ್ಲ, ಸಂಜೆ ಮನೆಯಲ್ಲೇ ರೊಟ್ಟಿ. 'ನಮಗೆ ಬೇಕಾದದ್ದು' ಎಂದೆನಲ್ಲ, ಆ 'ನಮಗೆ'ಯಲ್ಲಿ ಎಷ್ಟು ಜನರಿದ್ದರು ಎನ್ನುವುದನ್ನು ನಾನು ಎಣಿಸಿರಲಿಲ್ಲ.

ಯಜಮಾನರು ಹೇಳಿದರು, "ಶೈಲಾ, ಕೈಯಾಗ ಇದ್ದದ್ದು ಹಿಡಕೊ. ಹಗ್ಗ ಒಂದ ಗಟ್ಟಿ ಇದ್ರ ಸಾಕು."

"ಗುರುವಾರ ಇನ್ನೂ ಹತ್ತು ದಿನ ಐತ್ರಿ," ಎಂದೆ. "ಮೂರ್ಮೂರು ಸೀಟು ಹಿಡದು ಕುಂತವರು ಅದಾರ. ಅವ್ರು ಎರಡರ ಬಿಡಬೇಕಲ್ಲ. ಬಿಡೂ ತನಕ ಕಾಯೂದು."

ಪಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ನಮ್ಮ ಓಣಿಗೆ ವಾರಕ್ಕೊಮ್ಮೆ ನಳದ ನೀರು ಬರುತ್ತಿತ್ತು. ಅಲ್ಲಿ ಪಾಳಿ ಹಚ್ಚುತ್ತಿದ್ದುದು ಮನುಷ್ಯರಲ್ಲ, ಕೊಡಗಳು. ಬೆಳಿಗ್ಗೆಯೇ ಕೊಡ ಇಟ್ಟು ಹೋದರೆ ಮುಗಿಯಿತು, ಅದು ನಿಮ್ಮ ಪರವಾಗಿ ನಿಂತಿರುತ್ತದೆ. ಹಿತ್ತಾಳೆ ಕೊಡ, ಸ್ಟೀಲಿನದು, ಪ್ಲಾಸ್ಟಿಕ್ಕಿನದು, ಎಲ್ಲ ಜಾತಿಯವೂ ಒಂದೇ ಸಾಲಿನಲ್ಲಿ. ಮನುಷ್ಯರಿಗಿಂತ ಕೊಡಗಳೇ ವಾಸಿ, ಒಂದನ್ನೊಂದು ತಳ್ಳುತ್ತಿರಲಿಲ್ಲ. ನಾನು ಮೂರು ಕೊಡ ಇಡುತ್ತಿದ್ದೆ. ಎರಡು ಒಳ್ಳೆಯವು. ಮೂರನೆಯದು ತಳಕ್ಕೆ ತೂತು ಬಿದ್ದ ತಗಡಿನದು. ಅದಕ್ಕೆ ನೀರು ಹಿಡಿಯಲು ಬರುತ್ತಿರಲಿಲ್ಲ, ಜಾಗ ಹಿಡಿಯಲು ಬರುತ್ತಿತ್ತು. ಅವಸರದಲ್ಲಿ ಬಂದವರಿಗೆ ಆ ಜಾಗ ಬಿಟ್ಟುಕೊಟ್ಟು ಅವರಿಂದ ಒಂದು ಬೊಗಸೆ ಬಾರಿಹಣ್ಣೋ ಶೇಂಗಾ ಚಿಕ್ಕಿಯೋ ವಸೂಲು ಮಾಡುತ್ತಿದ್ದೆ. ನನಗಾಗ ಹತ್ತು ವರ್ಷ. ನನ್ನ ವ್ಯಾಪಾರದ ಪದವಿ ಅಲ್ಲಿಯೇ ಮುಗಿದದ್ದು.

ಒಂದು ಮಧ್ಯಾಹ್ನ ಆ ಕೊಡದ ಹಿಂದೆ ಗೌರಮ್ಮ ಎನ್ನುವ ಹೆಂಗಸಿನ ಕೊಡವಿತ್ತು. ಸೊಂಟದ ಮೇಲೆ ಕೂಸು. ನಾನು ಆಚೆ ಕಟ್ಟೆಯ ಮೇಲೆ ಇನ್ನೊಬ್ಬರ ಜೊತೆ ಚಿಕ್ಕಿಯ ಚೌಕಾಸಿಯಲ್ಲಿದ್ದೆ. ನನ್ನ ಕೊಡಕ್ಕೆ ಪಾಳಿ ಬಂತು, ನಾನಿಲ್ಲ. ಪಾಳಿ ಮುರಿಯಬಾರದೆಂದು ಆಕೆ ನನ್ನನ್ನು ಕೂಗುತ್ತ ನಿಂತಳು. ಅಷ್ಟರಲ್ಲಿ ನಳ ಒಂದು ಸಲ ಕೆಮ್ಮಿ ನಿಂತುಹೋಯಿತು. ಇನ್ನೊಂದು ವಾರ ನೀರಿಲ್ಲ. ಗೌರಮ್ಮ ನನ್ನ ಕೊಡ ಎತ್ತಿ ಬೋರಲು ಮಾಡಿ ಒಳಗೆ ಇಣುಕಿದಳು. ತೂತಿನಿಂದ ಬಿಸಿಲು ಅವಳ ಮುಖದ ಮೇಲೆ ಬಿತ್ತು. ಬೈಯಲಿಲ್ಲ. "ನೀರ ಹಿಡೀಲಾರದ ಕೊಡ, ಪಾಳಿ ಹಿಡದೈತಿ ನೋಡ್ರೆವಾ," ಎಂದು ಅಲ್ಲಿದ್ದವರಿಗೆಲ್ಲ ತೋರಿಸಿ ಕೆಳಗಿಟ್ಟಳು. ನಾನು ಚಿಕ್ಕಿ ತಿಂದು ಮುಗಿಸಿದೆ. ಸುಳ್ಳೇಕೆ ಹೇಳಲಿ, ರುಚಿಯಾಗಿಯೇ ಇತ್ತು.

ಇರಲಿ. ದುಬೈಯ ಕಾಲೇಜಿಗೆ ಖುದ್ದಾಗಿ ಹೋಗಿ ಬರೋಣ ಎಂದು ಹೊರಟೆ. ಇಮೇಲ್ ಎನ್ನುವುದು ಮುಖ ನೋಡಲು ಹೆದರುವವರ ದಾರಿ. ಅಲ್ಲಿಯೂ ಎರಡು ಟೋಕನ್ ತೆಗೆದು ಕೂತೆ. ಕೌಂಟರಿನ ಮಲಯಾಳಿ ಹುಡುಗಿ ಕಂಪ್ಯೂಟರ್ ನೋಡಿ, ಇಡೀ ಹಾಲಿಗೆ ಕೇಳುವಂತೆ "ನಂಬರ್ ಸಿಕ್ಸ್, ಮೇಡಂ. ಯು ಹ್ಯಾವ್ ಟು ವೇಟ್" ಎಂದು ಇಂಗ್ಲಿಷಿನಲ್ಲಿ ಹೇಳಿ ಕಳಿಸಿದಳು. ತಿರುಗಿ ಬಂದು ಕೂತರೆ ಪಕ್ಕದ ಕುರ್ಚಿಯಿಂದ ಕನ್ನಡ ಬಂತು.

"ಓಹೋ, ಆರು ನೀವೇನಾ? ನನ್ನ ಮಗಂದು ಏಳು."

ಹೆಸರು ಫರ್ಜಾನಾ, ಭಟ್ಕಳದವರು. ಗಂಡನಿಗೆ ದೇರಾದಲ್ಲಿ ಅತ್ತರಿನ ಅಂಗಡಿ, ಈಕೆಗೆ ಮನೆಯಲ್ಲೇ ಅಬಾಯಾ ಹೊಲಿಸಿ ಮಾರುವ ವ್ಯಾಪಾರ. ನಾನು ಹುಬ್ಬಳ್ಳಿಯವಳೆಂದು ಹೇಳುವ ಮೊದಲೇ, ಕೌಂಟರಿನಲ್ಲಿ ನಾನಾಡಿದ ಇಂಗ್ಲಿಷಿನಿಂದಲೇ ಅವರಿಗೆ ಗೊತ್ತಾಗಿತ್ತು.

"ನಿಮಗೆ ಬೇರೆ ಎಲ್ಲಾದ್ರೂ ಆಗಿದ್ಯಾ?" ಎಂದು ಕೇಳಿದರು.

"ಅಬುಧಾಬಿಯಾಗ ಆಗೇತ್ರಿ. ಇನ್ನೂ ವಿಚಾರ ಮಾಡಾಕತ್ತೇವಿ."

"ಎಂತ ವಿಚಾರ ಮಾಡುದು? ಕಣ್ಣು ಮುಚ್ಚಿ ತಗೊಳ್ಳಿ," ಎಂದರು ಫರ್ಜಾನಾ. "ನನ್ನ ತಂಗಿ ಹಮ್ದಾನ್ ಸ್ಟ್ರೀಟಲ್ಲೇ ಇರುದು. ಅಬುಧಾಬಿಯ ಗಾಳಿಯೇ ಬೇರೆ. ಟ್ರಾಫಿಕ್ ಇಲ್ಲ, ಗಲಾಟೆ ಇಲ್ಲ. ಓದುವ ಮಕ್ಕಳಿಗೆ ಅದೇ ಸರಿ. ಈ ಕಾಲೇಜಲ್ಲಿ ಎಂತ ಇದೆ? ಪಾರ್ಕಿಂಗ್ ಕೂಡ ಇಲ್ಲ."

ನಾನು ಅವರನ್ನೇ ನೋಡಿದೆ. ಬೇಡದ್ದನ್ನು ಹೊಗಳುವ ನನ್ನ ಎರಡನೆಯ ಸೂತ್ರ, ಒಂದಕ್ಷರ ಬಿಡದಂತೆ, ಬುರ್ಖಾ ಹಾಕಿಕೊಂಡು ಎದುರಿಗೆ ಕೂತಿತ್ತು.

"ಪಾರ್ಕಿಂಗ್ ಇಲ್ಲದ ಕಾಲೇಜಿಗೆ ನೀವ್ಯಾಕ ಕಾಯಾಕತ್ತೀರಿ ಮತ್ತ?" ಎಂದು ಕೇಳಿದೆ.

ಫರ್ಜಾನಾ ನಕ್ಕುಬಿಟ್ಟರು. "ನೀವೂ ವ್ಯಾಪಾರದವ್ರಾ?"

"ಸೋಫಾ."

"ಹಾಗೆ ಹೇಳಿ. ಇಷ್ಟು ಹೊತ್ತು ನನ್ನ ಬಾಯಿ ನೋಯಿಸಿದ್ರಲ್ಲ." ಆಮೇಲೆ ದನಿ ತಗ್ಗಿಸಿ, "ನನ್ನ ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎತ್ತಿ ಕೂರಿಸಿ ಕರ್ಕೊಂಡು ಹೋಗುದು ಮಗನೇ. ಇವ್ರಿಗೆ ಅಂಗಡಿ, ನನಿಗೆ ಡ್ರೈವಿಂಗ್ ಬರುದಿಲ್ಲ. ಅವನಿಗೆ ಬೇರೆ ಎಲ್ಲೂ ಆಗ್ಲಿಲ್ಲ" ಎಂದರು.

ನನ್ನ ಮನಸ್ಸಿಗೆ ಆಗ ಬಂದ ಮಾತು ಹೇಳಲು ನಾಚಿಕೆಯಾಗುತ್ತದೆ. 'ಪಾರ್ಕಿಂಗಿಗಿಂತ ಇದು ಒಳ್ಳೆ ಸೇಲ್ಸ್ ಮಾತು' ಎಂದುಕೊಂಡೆ. ಫೋನ್ ನಂಬರು ಕೊಟ್ಟು ತೆಗೆದುಕೊಂಡು ಬೀಳ್ಕೊಂಡೆವು.

ಮನೆಗೆ ಬಂದು ಅವರ ಮಾದರಿಯನ್ನೇ ಕೆಲಸಕ್ಕೆ ಹಚ್ಚಿದೆ. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಕೆದಕಿ ಕೆದಕಿ, ನನ್ನ ಮುಂದಿದ್ದ ಐವರಲ್ಲಿ ಮೂವರು ತಾಯಂದಿರನ್ನು ಪತ್ತೆ ಹಚ್ಚಿದೆ. ಅವರಲ್ಲಿ ಇಬ್ಬರ ಕೈಯಲ್ಲಿ ಅದೇ ಅಬುಧಾಬಿಯ ಸೀಟು. ಇವರು ಅಲ್ಲಿಗೆ ಹೊರಟರೆ ಇಲ್ಲಿ ಪಾಳಿ ಓಡುತ್ತದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಅಬುಧಾಬಿಯನ್ನು ಮಾರಿದೆ. ಹಿಂದಿಯಲ್ಲಿ ಮಾರಿದೆ, ಇಂಗ್ಲಿಷಿನಲ್ಲಿ ಮಾರಿದೆ, ಒಬ್ಬರು ಬೆಳಗಾವಿಯವರು ಸಿಕ್ಕಿದ್ದರಿಂದ ಕನ್ನಡದಲ್ಲೂ ಮಾರಿದೆ. "ಆಸ್ಪತ್ರೆ ಕಾಲೇಜಿಗೆ ಹತ್ತಿಕೊಂಡ ಐತ್ರಿ. ಮೊದಲನೇ ವರ್ಷದಿಂದನ ರೋಗಿಗಳನ್ನ ನೋಡಾಕ ಬಿಡ್ತಾರ. ಪ್ರೊಫೆಸರು ಹುಡುಗ್ರ ಹೆಸರು ಹಿಡದು ಕರೀತಾರಂತ. ಮನಿ ದೂರ ಆದ್ರ ಹುಡುಗ್ರು ಗಟ್ಟಿ ಆಗ್ತಾರ್ರಿ. ಅಂಗಳದಾಗಿನ ಗಿಡಾ ಎಷ್ಟ ಎತ್ತರ ಬೆಳದೀತು?" ನಾನು ಅಬುಧಾಬಿಯ ಆ ಕಾಲೇಜಿನ ಒಳಗೆ ಕಾಲಿಟ್ಟವಳಲ್ಲ. ಆದರೂ ಹತ್ತು ದಿನ ನನ್ನಷ್ಟು ಚೆನ್ನಾಗಿ ಆ ಕಾಲೇಜನ್ನು ಅದರ ಪುಸ್ತಿಕೆಯೂ ಹೊಗಳಲಿಲ್ಲ. ಹುಬ್ಬಳ್ಳಿಯ ಗಂಟಲು ನನ್ನದು, ಡಿಸ್ಕವರಿ ಗಾರ್ಡನ್ಸ್‌ನ ಗೋಡೆಗಳು ತೆಳು. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಗುರುವಾರ ಬಂತು. ಪಾಳಿ ಕದಲಲಿಲ್ಲ. ನಂಬರು ಆರು ಆರೇ ಆಗಿತ್ತು.

ಎರಡು ಗಂಟೆಗೆ ಅಬುಧಾಬಿಗೆ ಫೋನ್ ಮಾಡಿ ಸೋಮವಾರದವರೆಗೆ ಸಮಯ ಕೇಳಿದೆ. ಹೋಗುವವರು ಅವರಲ್ಲ, ಇರುವವರು. ಅವರಿಗೇನು ಅವಸರ? ಆ ಕಡೆಯ ಗಂಡಸು ಬಹಳ ಮರ್ಯಾದೆಯಿಂದ, "ಮೇಡಂ, ನಿಮ್ಮ ಹಿಂದೆಯೂ ಕಾಯುವವರಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನ್ ಇಟ್ಟರು. ಮೂರೂವರೆಗೆ ಸಿಂಚನಾ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ಇಟ್ಟಳು. ನಮ್ಮ ಮೇಜು ನಾಲ್ಕೂ ಕಾಲಿರುವುದೇ. ಯಜಮಾನರು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಸೈಟಿನಲ್ಲಿ ಕ್ರೇನ್ ಮೇಲೆತ್ತುವಾಗ ನಿಲ್ಲುವ ಹಾಗೆ ದೂರ ನಿಂತಿದ್ದರು. ಅವಳು ನನ್ನ ಕಾರ್ಡಿನ ನಂಬರು ತುಂಬಿದಳು. ನನ್ನ ಫೋನು ಟಿಣ್ ಎಂದಿತು.

"ಮಮ್ಮಿ, ಓಟಿಪಿ," ಎಂದು ಕೈ ಚಾಚಿದಳು.

ಫೋನನ್ನು ಮಡಿಲಲ್ಲಿ ಬೋರಲು ಹಾಕಿಕೊಂಡೆ. "ಇನ್ನೂ ಅರ್ಧ ತಾಸು ಐತಿ. ಅವ್ರು ಫೋನ್ ಮಾಡಬಹುದು."

"ಮಾಡಲ್ಲ."

"ಮಾಡಿದ್ರ? ನಿನಗ ದುಬೈ ಕಾಲೇಜ ಬೇಕಲ್ಲ."

"ಅದು ನಿನ್ನ ಪ್ರಿಫರೆನ್ಸ್ ಮಮ್ಮಿ. ನನ್ನದಲ್ಲ," ಎಂದಳು. ದನಿ ಏರಿಸಲಿಲ್ಲ. "ಅಬುಧಾಬಿಗೆ ಇಂಟರ್‌ವ್ಯೂಗೆ ಹೋದಾಗ ಅಲ್ಲಿ ಸೀನಿಯರ್ಸ್ ನನ್ನ ಕೈಯಲ್ಲಿ ಬ್ಯಾಂಡೇಜ್ ಸುತ್ತಿಸಿದ್ರು. ಮೂರು ಸಲ ಬಿಚ್ಚಿಹೋಯ್ತು, ನಾಲ್ಕನೇ ಸಲ ನಿಂತಿತು. ಅವತ್ತೇ ಐ ಡಿಸೈಡೆಡ್. ಅಲ್ಲಿ ಯಾರೂ ನನ್ನನ್ನ 'ಸೋಫಾ ಆಂಟಿ ಮಗಳಾ' ಅಂತ ಕೇಳಲಿಲ್ಲ. ಹೇಳೋಣ ಅಂತ ಬಂದೆ. ನೀನು ಆಗಲೇ ಮೆಟ್ರೋ ಟೈಮಿಂಗ್ ನೋಡ್ತಾ ಇದ್ದೆ."

"ಮತ್ತ ಹತ್ತು ದಿನ ಸುಮ್ಮನ ಕುಂತೀ?"

"ಸುಮ್ಮನೆ ಎಲ್ಲಿ? ಆ ರೂಮಲ್ಲಿ ಕೂತು ಕೇಳ್ತಾ ಇದ್ದೆ. ಸ್ವಲ್ಪ ಡೌಟ್ ಇತ್ತು. ಹಾಸ್ಟೆಲ್, ನೀವಿಬ್ಬರೂ ಇಲ್ಲ. ಬೆಳಗಾವಿ ಆಂಟಿಗೆ ನೀನು ಅಂಗಳದ ಗಿಡದ್ದು ಹೇಳಿದೆಯಲ್ಲ, ಅಲ್ಲಿಗೆ ಡೌಟ್ ಖಲಾಸ್. ಯೂ ಆರ್ ವೆರಿ ಗುಡ್, ಮಮ್ಮಿ."

ನಾಲ್ಕು ಕುರ್ಚಿ ದೂರದಿಂದ ಯಜಮಾನರು ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ಗುರುತಿಸಬಲ್ಲೆ. ಬಂದ ಓಟಿಪಿಯ ಗಡುವು ಮುಗಿದಿತ್ತು. ಎರಡನೆಯದು ತರಿಸಿ, ನಾನೇ ಒಂದೊಂದು ಅಂಕಿಯಾಗಿ ಓದಿ ಹೇಳಿದೆ. ನನ್ನ ಮಾಲನ್ನು ನನಗೇ, ಕೇಳಿದ ಬೆಲೆಗೆ ಮಾರಿದ ವ್ಯಾಪಾರ ಅದೊಂದೇ.

ಸೋಮವಾರ ಬೆಳಿಗ್ಗೆ ಪಕ್ಕದ ಕಟ್ಟಡದಲ್ಲಿ ಒಂದು ಕಪಾಟನ್ನು ಲಿಫ್ಟಿಗೆ ಹೊಂದಿಸುತ್ತಿದ್ದಾಗ ಫೋನ್ ಬಂತು. ದುಬೈಯ ಕಾಲೇಜು. ಅರ್ಜಿಯಲ್ಲಿ ನನ್ನ ನಂಬರೇ ಇತ್ತಲ್ಲ. ಮುಂದಿನವರೆಲ್ಲ ಸರಿದರಂತೆ, ಅವರಲ್ಲಿ ಇಬ್ಬರು ಅಬುಧಾಬಿಗೇ ಹೋದರಂತೆ. ನನ್ನ ಮಾಲು ಭರ್ಜರಿಯಾಗಿ ಖರ್ಚಾಗಿತ್ತು. ಈಗ ಆರನೆಯ ನಂಬರಿನ ಪಾಳಿ. ನಾಳೆ ಮಧ್ಯಾಹ್ನದೊಳಗೆ ಹೇಳಬೇಕು.

ಕಪಾಟನ್ನು ಅಲ್ಲೇ ಬಿಟ್ಟು ಸೂಪರ್‌ಮಾರ್ಕೆಟ್ಟಿಗೆ ಹೋಗಿ, ಬೇಡದ ಬದನೆಕಾಯಿಗಳನ್ನು ಒತ್ತಿ ನೋಡುತ್ತ ಎರಡು ತಾಸು ನಿಂತೆ. ಹೌದು ಎಂದುಬಿಡಬಹುದು. ತುಂಬಿದ ಮುಂಗಡ ಹೋದರೆ ಹೋಯಿತು. ಮಗಳಿಗೆ ಅತ್ತು ಕರೆದು ಹೇಳಿದರೆ ಒಪ್ಪಿಯಾಳು, ಅಷ್ಟು ಒಳ್ಳೆಯವಳು. ಅಥವಾ ಏನೂ ಹೇಳದೆ ನಾಳೆ ಮಧ್ಯಾಹ್ನದವರೆಗೆ ಹಿಡಿದಿಡಬಹುದು. ಯಾರಿಗೆ ಗೊತ್ತು, ಹಾಸ್ಟೆಲ್ಲಿನ ಪಟ್ಟಿ ನೋಡಿ ಅವಳೇ ಮನಸ್ಸು ಬದಲಿಸಿದರೆ? ಹಿಡಿದಿಡುವುದರಲ್ಲಿ ನನ್ನದೇನು ಹೋಗುತ್ತದೆ?

ಆ ಕೊನೆಯ ಮಾತು ಬಂದಾಗ ಗೌರಮ್ಮನ ಮುಖದ ಮೇಲೆ ಬಿದ್ದ ಬಿಸಿಲಿನ ಚುಕ್ಕೆ ನೆನಪಾಯಿತು. ನಲವತ್ತು ವರ್ಷ ಎಲ್ಲಿ ಅಡಗಿತ್ತೋ, ಬದನೆಕಾಯಿಗಳ ನಡುವೆ ಎದ್ದು ಬಂತು. ಚಿಕ್ಕಿಯ ರುಚಿಯೂ ಬಂತು. ಈ ಸಲ ಅಷ್ಟು ಚೆನ್ನಾಗಿರಲಿಲ್ಲ.

ಮನೆಗೆ ಹೋಗಿ ಸಿಂಚನಾಗೆ ಹೇಳಿದೆ. ಅವಳು ಹಾಸ್ಟೆಲ್ಲಿಗೆ ಒಯ್ಯುವ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ, "ಬೇಡ ಅಂತ ಹೇಳು ಮಮ್ಮಿ. ಯಲ್ಲಾ, ಬೇಗ, ಈಗಲೇ ಹೇಳು. ಹಿಂದೆ ಯಾರೋ ಕಾಯ್ತಿರ್ತಾರೆ" ಎಂದಳು. ಎರಡು ತಾಸು ಯಾಕೆ ತಡ ಮಾಡಿದೆ ಎಂದು ಕೇಳಲಿಲ್ಲ. ಬದನೆಕಾಯಿ ತಂದಿದ್ದನ್ನು ನೋಡಿ ತಿಳಿದಿರಬೇಕು. ನಮ್ಮ ಮನೆಯಲ್ಲಿ ಆಗಲೇ ಒಂದು ಕಿಲೋ ಇತ್ತು.

ಕಾಲೇಜಿಗೆ ಫೋನ್ ಮಾಡಿ ಬೇಡವೆಂದೆ, ಅವರು ಹೇಳಿದಂತೆ ಅವಳಿಂದ ಇಮೇಲನ್ನೂ ಹಾಕಿಸಿದೆ. ಆಮೇಲೆ ಫರ್ಜಾನಾಗೆ ಫೋನ್ ಹಚ್ಚಿದೆ.

"ಹೇಳಿ ಶೈಲಕ್ಕ. ಆರು ಇನ್ನೂ ಆರೇನಾ?"

"ಆರು ಖಲಾಸ್ ರೀ. ಬಿಟ್ಟೇವಿ. ಫೋನ್ ಖಾಲಿ ಇಟ್ಕೊಂಡ ಕೂಡ್ರಿ, ನಿಮಗ ಬರ್ತೈತಿ."

ಆ ಕಡೆಯಿಂದ ಬಂದದ್ದು ಅಸಲು ವ್ಯಾಪಾರಸ್ಥೆಯ ಪ್ರಶ್ನೆ. "ಎಂತಕ್ಕೆ ಬಿಟ್ರಿ? ಆ ಕಾಲೇಜಲ್ಲಿ ಎಂತಾದ್ರೂ ತೊಂದ್ರೆ ಇದೆಯಾ?"

"ಪಾರ್ಕಿಂಗ್ ಇಲ್ಲಂತಲ್ರಿ."

ಇಬ್ಬರೂ ನಕ್ಕೆವು. ಅಲ್ಲಿಗೆ ಫೋನ್ ಇಟ್ಟಿದ್ದರೆ ನಾನು ದೊಡ್ಡ ಮನುಷ್ಯಳಾಗುತ್ತಿದ್ದೆ. ಆದರೆ ಅಭ್ಯಾಸ ಎನ್ನುವುದೊಂದಿದೆಯಲ್ಲ. "ಪುಕ್ಕಟೆ ಅಲ್ರಿ ಮತ್ತ," ಎಂದೆ. "ನಿಮ್ಮ ತಂಗಿ ಹಮ್ದಾನ್ ಸ್ಟ್ರೀಟಿನಾಗ ಅದಾರಲ್ಲ. ನನ್ನ ಮಗಳಿಗೆ ವಾರಕ್ಕೊಮ್ಮೆ ಮನೀ ಊಟ."

"ವಾರಕ್ಕೊಮ್ಮೆಯಾ? ಅವಳ ಮನೆಯಲ್ಲಿ ಮೀನು ಇಲ್ಲದೆ ಊಟವೇ ಇಲ್ಲ ಶೈಲಕ್ಕ. ನಿಮ್ಮ ಮಗಳು ತಿಂತಾಳಾ?"

"ತತ್ತೀನೂ ತಿನ್ನಂಗಿಲ್ಲ."

"ಹಾಗಾದ್ರೆ ಬೇರೆ ಪಾತ್ರೆ, ಬೇರೆ ಅಡುಗೆ. ತಿಂಗಳಿಗೊಂದು ಸಲ."

"ಮೂರು."

"ಎರಡು."

"ಆತು, ಎರಡು," ಎಂದೆ. ಒಂದೇ ಸುತ್ತಿಗೆ ಒಪ್ಪಿಕೊಂಡದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಮತ್ತೆ ಅವರ ಫೋನ್. ಹಿಂದುಗಡೆ ಮುದುಕಿಯೊಬ್ಬರು ತಮ್ಮ ನವಾಯತಿ ಭಾಷೆಯಲ್ಲಿ ಏನೋ ಜೋರಾಗಿ ಹೇಳುತ್ತಿದ್ದರು. ಅತ್ತೆಯಿರಬೇಕು. "ಬಂತು ಶೈಲಕ್ಕ," ಎಂದರು ಫರ್ಜಾನಾ. ಮೂಗೊರೆಸಿಕೊಂಡು, "ವಾರಕ್ಕೊಮ್ಮೆ ಆಗ್ಲಿ. ಪ್ರತಿ ಶುಕ್ರವಾರ. ತಂಗಿಗೆ ಹೇಳಿಯಾಯ್ತು, ಹೊಸ ಪಾತ್ರೆ ತಗೊಳ್ತಾಳಂತೆ" ಎಂದರು.

ವ್ಯಾಪಾರ ಕುದುರಿದ ಮೇಲೆ ತಾವಾಗಿಯೇ ಬೆಲೆ ಏರಿಸಿದವರನ್ನು ನನ್ನ ಜನ್ಮದಲ್ಲಿ ಅದೇ ಮೊದಲ ಸಲ ಕಂಡದ್ದು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆನ್ನುವುದಕ್ಕೆ ನನ್ನ ಹತ್ತಿರ ಸೂತ್ರವಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತಿತ್ತು. ಕಣ್ಣಿಗೆ ಹೊಗೆ ಬಂತು.

"ಅಷ್ಟಂತೀರಿ ಅಂದ್ರ, ಶನಿವಾರಾನೂ ಸೇರಿಸ್ರಿ," ಎಂದೆ.